ಬಾಲದ ಕೊಂಡಿ

ಕ್ರ್ಯಾಡ್ಲಿ ಹೀತಿನ ಕಾಲುವೆ ದಡದ ಆಫೀಸಿನಲ್ಲಿ
ಭಾರ ಎತ್ತುವ ಸರಪಳಿಗಳ ಪರೀಕ್ಷೆಯ ದಾಖಲೆ ಇಡುವ
ಪ್ರೋಗ್ರಾಮು ನನ್ನ ಪಾಲಿನ ಕೂಳು.
ಇವತ್ತು ಇಡೀ ದಿನ ಒಂದೇ ಒಂದು ಸಾಲು ತಿದ್ದಿದೆ.

ಮೊದಲು ಹೀಗಿತ್ತು: ದಾಖಲೆಯನ್ನು ಹೊರಗೆ ಪೂರ್ತಿ ಮಾಡು,
ಅದರ ಪಡಿಯಚ್ಚು ತೆಗೆ, ಪಟ್ಟಿಯ ಕೊನೆಗೆ ಹಚ್ಚು,
ಮೊದಲು ಮಾಡಿದ್ದನ್ನು ಎಸೆ.
ಈಗ: ತೂಕ, ತಾರೀಖು, ತಪಾಸಣೆಯವನ ಹೆಸರು,
ಬರೀ ಸಾಮಾನು ಕೊಟ್ಟರೆ ಸಾಕು.
ಪಟ್ಟಿಯೇ ತನ್ನ ಬಾಲದಲ್ಲಿ ಜಾಗ ಮಾಡಿಕೊಂಡು
ಅಲ್ಲೇ, ಆ ಜಾಗದಲ್ಲೇ, ಕಟ್ಟಿಕೊಳ್ಳುತ್ತದೆ.
ಉಳಿದದ್ದು ಎಷ್ಟು?
ರೆಪ್ಪೆ ಬಡಿಯುವ ಹೊತ್ತಿನ ಲಕ್ಷದಲ್ಲೊಂದು ಪಾಲು.

ಥರ್ಜಾ ಟ್ರೋಮನ್ಸ್ ಇದ್ದಿದ್ದರೆ ನಕ್ಕುಬಿಡುತ್ತಿದ್ದಳು:
"ಇದಕ್ಕೂ ಸಂಬಳವೇ?
ಬೇರೆ ಹೇಗೆ ಮಾಡುತ್ತಾರಂತೆ, ನೋಡೋಣ?"

ನನ್ನ ಮುತ್ತಜ್ಜಿ. ಹಿತ್ತಲ ಕುಲುಮೆಯಲ್ಲಿ
ಎಡಗೈ ತಿದಿಗೆ, ಬಲಗಾಲು ಮೆಟ್ಟುಸುತ್ತಿಗೆಗೆ,
ಬಾಯಿ ತೊಟ್ಟಿಲಿಗೆ.
ಕುತ್ತಿಗೆ ತುಂಬ ಕಿಡಿ ಬಿದ್ದ ಚುಕ್ಕೆ,
ಪೋಣಿಸದ ಮಣಿಗಳ ಹಾಗೆ.
ಸಲಾಕೆಯನ್ನು ಕಾಯಿಸಿ, ತುಂಡರಿಸಿ, ಬಾಗಿಸಿ,
ಬಾಯಿ ತೆರೆದಿರುವಾಗಲೇ
ಹಿಂದಿನ ಕೊಂಡಿಯ ಹೊಟ್ಟೆಯೊಳಗೆ ತೂರಿಸಿ
ತುದಿಯ ಮೇಲೆ ತುದಿ ಇಟ್ಟು ಬಡಿದರೆ,
ಹುಟ್ಟುವುದೂ ಸೇರುವುದೂ ಒಂದೇ ಏಟಿಗೆ.
ಬೇರೆಡೆ ಮುಗಿಸಿಟ್ಟ ಕೊಂಡಿ ಕೊಂಡಿಯಲ್ಲ,
ಬಳೆ. ಯಾರ ಕೈಗೂ ಆಗದ್ದು.

ಅಜ್ಜಿ ಫೀಬಿ ಹುಟ್ಟಿದ್ದೂ ಅಲ್ಲೇ,
ಅರ್ಧ ಬಾಗಿದ ಕೊಂಡಿ ಅಡಿಗಲ್ಲಿನ ಮೇಲೆ
ಕೆಂಪಿನಿಂದ ಕಪ್ಪಾಗುತ್ತಿರುವಾಗ, ಗೋಣಿಯ ಮೇಲೆ.
ಪಕ್ಕದ ಕುಲುಮೆಯವಳು ಇಕ್ಕಳ ಬಿಸಾಕಿ ಬಂದು
ಕೂಸನ್ನು ಹಿಡಿದಳಂತೆ.
ಶನಿವಾರ ತಕ್ಕಡಿ ಹೊತ್ತು ಬಂದ ದಲ್ಲಾಳಿ
ಸರಪಳಿ ಮೂರು ಪೌಂಡು ಕಡಿಮೆಯೆಂದು ಕೂಲಿ ಮುರಿದ.
ಫೀಬಿ ಆರು ಪೌಂಡು ಇದ್ದಳು.
ಅದನ್ನು ಯಾರೂ ತೂಕಕ್ಕೆ ಹಾಕಲಿಲ್ಲ.

ಫೀಬಿಯ ತುದಿಗೆ ಅಮ್ಮ, ಅಮ್ಮನ ತುದಿಗೆ ನಾನು.
ನನ್ನ ತುದಿಗೆ ಏನೂ ಬರುವುದಿಲ್ಲ ಎಂದು
ಡಾಕ್ಟರು ಮೆಲ್ಲಗೆ, ಎರಡೆರಡು ಸಲ ಹೇಳಿದರು.
ಪಟ್ಟಿಯ ಕೊನೆಯಲ್ಲೊಂದು ಸೊನ್ನೆ ಇರುತ್ತದೆ,
ಇಲ್ಲಿಂದಾಚೆ ಹುಡುಕಬೇಡ ಎನ್ನಲು.

ಕೆರಿಸ್ ಬಂದದ್ದು ನ್ಯೂಪೋರ್ಟಿನಿಂದ,
ಐದು ವರ್ಷದವಳು, ಪೂರ್ತಿ ಬೆಸೆದುಕೊಂಡೇ ಬಂದವಳು.
ವೆಲ್ಷ್ ಬೈಗುಳ ಎರಡು, ತನ್ನದೇ ಒಂದು ಚಮಚ,
ಅಪ್ಪಿದರೆ ಎಲ್ಲೂ ಸಂದು ಸಿಗದ ದುಂಡು ಮೌನ.
ಎಂಟು ತಿಂಗಳು ಅವಳನ್ನು ಬಾಗಿಸಲು ನೋಡಿದೆ.
ಮುದ್ದಿನಿಂದ, ಕೇಕಿನಿಂದ,
ಒಮ್ಮೆ, ಹೇಳಲು ನಾಚಿಕೆ, ಕೂಗಾಡಿ.

ಭಾನುವಾರ ಮ್ಯೂಸಿಯಮ್ಮಿನಲ್ಲಿ ಕುಲುಮೆ ಹೊತ್ತಿಸಿ ತೋರಿಸುವ
ಮುದುಕ ಎನಾಕ್ ಬ್ಲೂಮರನನ್ನು ಕೇಳಿದೆ, ಸುಮ್ಮನೆ ಮಾತಿಗೆ:
ಮುಚ್ಚಿದ ಕೊಂಡಿಯನ್ನು ಸರಪಳಿಗೆ ಸೇರಿಸುವುದು ಹೇಗೆ?
ಅವನು ಕೆರಿಸ್ ಕಡೆ ನೋಡಲಿಲ್ಲ, ಬೆಂಕಿ ಕಡೆ ನೋಡಿದ.
"ಅದನ್ನು ಮುಟ್ಟಬಾರದಮ್ಮ, ಕೊಯ್ದರೆ ಹಾಳು.
ಈ ಬದಿಯ ಕೊನೆಯದನ್ನೇ ಬೆಂಕಿಗಿಟ್ಟು
ಬಾಯಿ ಬಿಡಿಸಬೇಕು."

"ಎಷ್ಟು ಕಾಯಬೇಕು?" ಎಂದೆ.
ಕಬ್ಬಿಣದ ಮಾತೆಂದುಕೊಂಡ.
"ಬಿಳಿಯಾಗುವ ತನಕ."

ವಾಪಸು ಬರುವಾಗ ಕಾಲುವೆಯ ಮೇಲೆ ಗಾಳಿ.
ಕೆರಿಸ್ ಏನೂ ಹೇಳದೆ ಚಮಚವನ್ನು
ನನ್ನ ಕೋಟಿನ ಜೇಬಿಗೆ ಹಾಕಿದಳು.
ಹಾಕಿದ ಕೈ
ಅಲ್ಲೇ ಇತ್ತು, ಎರಡು ಸೇತುವೆ ದಾಟುವವರೆಗೆ.